ಏಟಿಗೆ ಮುಂಚೆ

ಬೋರಲಾಗಿ ಮಲಗಿದಾಗ ಚಳಿಗಾಲದ ನೆಲ ಟಾರ್ಪಾಲನ್ನೂ ಸ್ವೆಟರನ್ನೂ ದಾಟಿ ಬಂದು ಹೊಟ್ಟೆಗೆ ತಣ್ಣಗೆ ತಾಗುತ್ತಿತ್ತು. ಬಂದೂಕಿನ ಹಿಂಬದಿಯನ್ನು ಭುಜದ ಗುಳಿಗೆ ಒತ್ತಿ ಹಿಡಿಯಬೇಕು, ಕೆನ್ನೆ ಅದರ ಮರದ ಹಿಡಿಯ ಮೇಲೆ ಕೂರಬೇಕು, ಅರ್ಧ ಉಸಿರು ಬಿಟ್ಟು ಇನ್ನರ್ಧ ತಡೆದುಕೊಂಡು ಬೆರಳನ್ನು ಮೆತ್ತಗೆ ಎಳೆಯಬೇಕು ಎನ್ನುವುದೆಲ್ಲ ಭಾನುಪ್ರಕಾಶನಿಗೆ ಬಾಯಿಪಾಠವಾಗಿತ್ತು. ಬಾಯಿಗೆ ಬಂದದ್ದು ಭುಜಕ್ಕೆ ಇಳಿದಿರಲಿಲ್ಲ ಅಷ್ಟೆ. ಗುಡ್ಡದ ಬುಡದಲ್ಲಿ ನೆಟ್ಟ ಟಾರ್ಗೆಟ್ಟಿನ ಕಪ್ಪು ವೃತ್ತವನ್ನು ಅವನು ಸರಿಯಾಗಿಯೇ ನೋಡುತ್ತಿದ್ದ. ಆದರೆ ಸದ್ದಾಗಿ ಭುಜಕ್ಕೆ ಗುದ್ದು ಬಿದ್ದು ಮತ್ತೆ ಕಣ್ಣು ಬಿಟ್ಟಾಗ ಮಣ್ಣಿನ ಪುಡಿ ಹಾರುತ್ತಿದ್ದುದು ಟಾರ್ಗೆಟ್ಟಿನ ಕಾಲ ಬಳಿ. ಪೊಲೀಸಿನವರು ನಾಗರಿಕರಿಗೆ ನಡೆಸುವ ಈ ಬಂದೂಕು ತರಬೇತಿಗೆ ಸೇರಿದವರಲ್ಲಿ ಅವನಷ್ಟು ಕೆಟ್ಟದಾಗಿ ಹೊಡೆಯುವವರು ಇನ್ನೊಬ್ಬರಿರಲಿಲ್ಲ. ಯಾರೂ ನಗುತ್ತಿರಲಿಲ್ಲ. ಅವನ ಸರದಿ ಬಂದಾಗ ಎಲ್ಲರೂ ತಮ್ಮತಮ್ಮಲ್ಲೇ ಮಾತಿಗೆ ತೊಡಗುತ್ತಿದ್ದರು, ಕುಂಟುವವನು ಎದುರಿಗೆ ಬಂದಾಗ ಬೇರೆ ಕಡೆ ನೋಡುವ ಹಾಗೆ. ನಕ್ಕಿದ್ದರೆ ಇದಕ್ಕಿಂತ ಚೆನ್ನಾಗಿರುತ್ತಿತ್ತು.

ಬಂದೂಕು ಬೇಕೆಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ. ವಸಂತನರಸಾಪುರದ ತಿಂಡಿ ಕಾರ್ಖಾನೆಯೊಂದರಲ್ಲಿ ಅವನು ಉಗ್ರಾಣ ನೋಡಿಕೊಳ್ಳುವವನು. ಮೈದಾಹಿಟ್ಟಿನ ಧೂಳಿನಲ್ಲಿ ಅರ್ಧ ಆಯುಷ್ಯ ಕಳೆದವನು. ಆದರೆ ಹೋದ ವರ್ಷ ಅಪ್ಪ ಪುಟ್ಟರಂಗಯ್ಯ ತೀರಿಕೊಂಡ ಮೇಲೆ ಅವರ ಬಂದೂಕನ್ನು ಚೇಳೂರು ಠಾಣೆಯಲ್ಲಿ ಇಟ್ಟುಬರಬೇಕಾಯಿತು. ಲೈಸೆನ್ಸು ಮಗನ ಹೆಸರಿಗೆ ಆಗಬೇಕಾದರೆ ಮಗ ತರಬೇತಿ ಪಡೆದಿರಬೇಕು. ಮನೆಯ ಬಂದೂಕು ಮನೆ ಬಿಟ್ಟು ಹೋಗಬಾರದು, ಹಂದಿಗಳು ತೋಟ ಉಳುತ್ತಿವೆ, ಅಣ್ಣನ ಮರ್ಯಾದೆಯ ಪ್ರಶ್ನೆ ಎಂದು ಚಿಕ್ಕಪ್ಪ ಹೊನ್ನಯ್ಯ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದರು. ಅಪ್ಪನ ಮರ್ಯಾದೆ ಎಂದಾಗ ಅವನು ಆಯಿತು ಎನ್ನುತ್ತಿದ್ದ. ಜೋರು ದನಿ ಎತ್ತದ, ಬೀಡಿ ಹೆಂಡ ಮುಟ್ಟದ, ಯಾರ ಮನೆಯ ಜಗಳವನ್ನಾದರೂ ಜಗುಲಿ ಮೇಲೆ ಕೂತು ಬಗೆಹರಿಸುತ್ತಿದ್ದ ಅಪ್ಪ. ಕೊನೆಗೆ ಭಾನುಪ್ರಕಾಶ ರಜೆ ಹಾಕಿ ತರಬೇತಿಗೆ ಬಂದಿದ್ದ. ಕಾರ್ಖಾನೆಯಲ್ಲಿ ಆಗಲೇ ಅವನನ್ನು ಶಿಕಾರಿ ಎಂದು ಕರೆಯಲು ಶುರುಮಾಡಿದ್ದರು.

ತರಬೇತಿ ಕೊಡುತ್ತಿದ್ದ ಮೂಡಲಗಿರಿಯಪ್ಪ ನಿವೃತ್ತಿಗೆ ಹತ್ತಿರವಿದ್ದ ಪೊಲೀಸು. ಮಂಡಿನೋವಿನ ಮನುಷ್ಯ. ಜೇಬಿನ ತುಂಬ ಕಡಲೆಕಾಯಿ ಇಟ್ಟುಕೊಂಡು, ಸಿಪ್ಪೆಯನ್ನು ಮತ್ತೆ ಅದೇ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಆ ಬೆಳಿಗ್ಗೆ ಅವರು ಬಂದೂಕನ್ನು ತಾವೇ ತುಂಬಿ ಅವನ ಕೈಗೆ ಕೊಟ್ಟರು. ಮೊದಲ ಗುಂಡು ಹಾರಿತು, ಮಣ್ಣಿಗೆ. ಎರಡನೆಯದಕ್ಕೆ ಅವನು ಉಸಿರು ಹಿಡಿದು ಬೆರಳು ಎಳೆದ. ಟಕ್ ಎಂದಿತು, ಅಷ್ಟೆ. ಸದ್ದಿಲ್ಲ, ಹೊಗೆಯಿಲ್ಲ. ಆದರೆ ಬಂದೂಕಿನ ಮೂತಿ ಗಕ್ಕನೆ ಕೆಳಗೆ ಬಗ್ಗಿತು. ಅವನ ಕಣ್ಣು ಮುಚ್ಚಿತ್ತು, ಕುತ್ತಿಗೆ ಭುಜದೊಳಗೆ ಹುದುಗಿತ್ತು, ಹಲ್ಲು ಕಚ್ಚಿತ್ತು. ಸಿಡಿಯದ ಬಂದೂಕಿಗೆ ತಾನು ಹಾಗೆ ಮುದುಡಿ ಬಿದ್ದಿರುವುದು ಅವನಿಗೆ ಒಂದು ಕ್ಷಣ ತಡವಾಗಿ ತಿಳಿಯಿತು, ಉಳಿದವರೆಲ್ಲ ನೋಡಿ ಮುಗಿಸಿದ ಮೇಲೆ.

"ಗುಂಡೇ ಇರ್ಲಿಲ್ಲ ಸಾರ್ ಅದ್ರಲ್ಲಿ," ಎಂದರು ಮೂಡಲಗಿರಿಯಪ್ಪ. "ಡಮ್ಮಿ ಹಾಕಿದ್ದೆ. ಆದ್ರೂ ಒದೆ ತಿಂದ್ರಿ ನೀವು."

ಅವರ ದನಿಯಲ್ಲಿ ಹಂಗಿಸುವಿಕೆ ಇರಲಿಲ್ಲ. ಪಕ್ಕದಲ್ಲಿ ಕಷ್ಟಪಟ್ಟು ಕುಕ್ಕರಗಾಲಲ್ಲಿ ಕೂತು, ಬಂದೂಕು ಎಂದ ಮೇಲೆ ಒದೆಯುತ್ತದೆ, ಒದೆಯಲಿ ಬಿಡಿ, ಅದು ಒದೆಯುವ ಹೊತ್ತಿಗೆ ಗುಂಡು ಆಗಲೇ ಹೋಗಿರುತ್ತದೆ ಎಂದು ವಿವರಿಸಿದರು. ಗುರಿ ಕೆಡಿಸುವುದು ಒದೆ ಅಲ್ಲ, ಒದೆ ಬರುತ್ತದೆ ಅನ್ನುವುದು. ಒಂದು ಸಲ ನೋವು ತಿಂದ ಮೈ ಅದನ್ನು ಲೆಕ್ಕ ಇಟ್ಟುಕೊಳ್ಳುತ್ತದೆ. ಮುಂದಿನ ಸಲ ನಾವು ಹೇಳುವ ಮೊದಲೇ ಅದು ಮುದುಡಿಕೊಳ್ಳುತ್ತದೆ. ಮೊದಲು ಕಣ್ಣು, ಆಮೇಲೆ ಕುತ್ತಿಗೆ, ಆಮೇಲೆ ಭುಜ. ತಮ್ಮದನ್ನು ತಾವು ನೋಡಿಕೊಳ್ಳುವುದಕ್ಕೆ ಆಗದು, ಬೇರೆಯವರದು ನೋಡಿ ಕಲಿಯಿರಿ ಎಂದು ಅವನನ್ನು ಎಬ್ಬಿಸಿ, ಹೊಡೆಯುವವರ ಪಕ್ಕಕ್ಕೆ ಕೂರಿಸಿ, ಟಾರ್ಗೆಟ್ಟು ನೋಡಬೇಡಿ, ಮುಖ ನೋಡಿ ಎಂದರು.

ಕುಣಿಗಲ್ಲಿನಿಂದ ಬರುತ್ತಿದ್ದ ರೂಪಶ್ರೀ ಎಂಬ ಹುಡುಗಿ ಹೊಡೆಯಲು ಮಲಗಿದಳು. ಅವಳ ತಂದೆಯದು ಪೆಟ್ರೋಲ್ ಬಂಕು. ವಯಸ್ಸಿನಲ್ಲಿ ಇವನಿಗೆ ಮಗಳಾಗುವಂಥವಳು. ಅವಳ ಒಂದು ಕಣ್ಣು ಸದ್ದಿನ ಆಚೆಗೂ ತೆರೆದೇ ಇತ್ತು. ಬಂದೂಕು ಭುಜವನ್ನು ಹಿಂದಕ್ಕೆ ತಳ್ಳಿತು, ಭುಜ ತಳ್ಳಿಸಿಕೊಂಡಿತು, ಮತ್ತೆ ತನ್ನ ಜಾಗಕ್ಕೆ ಬಂತು. ಅವಳ ಆಚೆ ಮಲಗಿದ್ದ ದಪ್ಪ ಮನುಷ್ಯನ ರೆಪ್ಪೆ ಮಾತ್ರ ಬೆರಳಿಗಿಂತ ಮುಂಚೆ ಅದುರುತ್ತಿತ್ತು. ಗಮನವಿಟ್ಟು ನೋಡಿದರೆ ಸಣ್ಣದೊಂದು ನಡುಕ ಹುಬ್ಬಿನಿಂದ ಹೊರಟು ಗಲ್ಲಕ್ಕೆ ಇಳಿಯುವುದು ಕಾಣುತ್ತಿತ್ತು. ಒಮ್ಮೆ ಕಂಡಮೇಲೆ ಕಾಣದೆ ಇರುವುದು ಸಾಧ್ಯವಿರಲಿಲ್ಲ. ಭಾನುಪ್ರಕಾಶನಿಗೆ ಅದೊಂದು ಹೊಸ ಅಕ್ಷರ ಕಲಿತಂತೆ ಆಯಿತು. ಮಧ್ಯಾಹ್ನದವರೆಗೂ ಅವನು ಎಲ್ಲರ ಮುಖಗಳನ್ನು ಓದುತ್ತ ಕೂತ. ನಾಚಿಕೆ ಸ್ವಲ್ಪ ಕಡಿಮೆಯಾಯಿತು.

ಬೈಕಿನಲ್ಲಿ ಮನೆಗೆ ಬರುವಾಗ ಭುಜದ ನೋವಿಗೆ ಬಲಗೈ ಹ್ಯಾಂಡಲಿನ ಮೇಲೆ ನಿಲ್ಲುತ್ತಿರಲಿಲ್ಲ. ಶಿರಾ ಗೇಟಿನಲ್ಲಿ ಲಾರಿಗಳ ನಡುವೆ ನಿಂತಾಗ ಹಿಂದಿನ ಆಟೋದವನು ಹಾರನ್ನು ಒತ್ತಿಯೇ ಇದ್ದ. ಆ ಸದ್ದಿಗೂ ತನ್ನ ಕುತ್ತಿಗೆ ಒಳಕ್ಕೆ ಹೋಗುತ್ತಿದೆ ಎಂದು ಅವನಿಗೆ ಈಗ ಗೊತ್ತಾಗುತ್ತಿತ್ತು. ಮ್ಯಾನೇಜರು ಕರೆದಾಗಲೂ ಹೀಗೆಯೇ ಇರಬಹುದು. ಚಿಕ್ಕಪ್ಪನ ಫೋನು ಬಂದಾಗಲೂ. ಇಷ್ಟು ವರ್ಷ ಜನ ತನ್ನ ಮುಖದಲ್ಲಿ ಏನೇನು ನೋಡಿರಬಹುದು.

ಮನೆಯಲ್ಲಿ ಅವ್ವ ಹನುಮಂತಮ್ಮ ಹಜಾರದ ಗೋಡೆಗೆ ಒರಗಿ, ಕಾಲು ಚಾಚಿ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು. ಅಪ್ಪ ಹೋದಮೇಲೆ ಅವಳನ್ನು ತುಮಕೂರಿಗೆ ಕರೆತಂದಿದ್ದರು. ಬರುವುದಿಲ್ಲ ಎಂದು ಅವಳು ಒಂದು ಮಾತೂ ಆಡಿರಲಿಲ್ಲ. ಅದು ಎಲ್ಲರಿಗೂ ಆಶ್ಚರ್ಯವಾಗಿತ್ತು. ನೋವಿನ ಮುಲಾಮು ಅವಳ ತಲೆಯ ಮೇಲಿನ ಗೂಡಿನಲ್ಲಿತ್ತು. ಅವನು ಚಪ್ಪಲಿ ಬಿಟ್ಟು ನೇರ ಬಂದು, ಅವಳ ಮುಂದೆ ನಿಂತು, ನೋಯುತ್ತಿದ್ದ ಬಲಗೈಯನ್ನು ಎತ್ತಿದ.

ಅವಳ ಕಣ್ಣು ಮುಚ್ಚಿತು. ಕುತ್ತಿಗೆ ಒಳಕ್ಕೆ ಹೋಯಿತು. ಎಡ ಭುಜ ಕೆನ್ನೆಯ ಕಡೆಗೆ ಎದ್ದಿತು. ಆಮೇಲೆ ಎಲ್ಲವೂ ಬಿಚ್ಚಿಕೊಂಡು, ಅವಳ ಬೆರಳುಗಳ ನಡುವಿನಿಂದ ಒಂದು ಬೇಳೆ ಜಾರಿ ಬಟ್ಟಲಿಗೆ ಬಿತ್ತು. ಹಿದುಕುವ ಕೈ ನಿಂತಿರಲೇ ಇಲ್ಲ. ಭುಜ ಊದಿಕೊಂಡಿದೆಯಾ, ಉಪ್ಪಿನ ಶಾಖ ಕೊಡಲಾ ಎಂದು ಕೇಳಿದಳು. ಅವನು ಏನೋ ಹೇಳಿದ. ಮುಲಾಮಿನ ಡಬ್ಬಿ ಹಿಡಿದು ಒಳಗೆ ಹೋಗಿ ಮಂಚದ ಮೇಲೆ ಕೂತ. ತಾನು ಬೆಳಗಿನಿಂದ ಅದನ್ನೇ ನೋಡುತ್ತಿದ್ದುದರಿಂದ ಹಾಗೆ ಕಂಡಿರಬೇಕು, ವಯಸ್ಸಾದವರು ಬೆಚ್ಚುತ್ತಾರೆ, ಎದುರಿಗೆ ಒಮ್ಮೆಲೇ ನೆರಳು ಬಂದರೆ ಯಾರಾದರೂ ಕಣ್ಣು ಮುಚ್ಚುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡ. ಎಷ್ಟು ಹೇಳಿಕೊಂಡರೂ ಆ ಸಮಾಧಾನ ನಿಲ್ಲಲಿಲ್ಲ. ಮುಲಾಮು ಹಚ್ಚಿಕೊಂಡು ಮತ್ತೆ ಹೊರಗೆ ಬಂದು, ಡಬ್ಬಿಯನ್ನು ಗೂಡಿಗೆ ಇಡುವ ನೆಪದಲ್ಲಿ ಅದೇ ಕೈಯನ್ನು ಅದೇ ಎತ್ತರಕ್ಕೆ, ಈ ಸಲ ಬೇಕೆಂದೇ, ಸ್ವಲ್ಪ ಬೇಗ ಎತ್ತಿದ. ಎತ್ತಿ ಅವಳ ಮುಖ ನೋಡಿದ. ಕಣ್ಣು, ಕುತ್ತಿಗೆ, ಭುಜ. ಅದೇ ಕ್ರಮದಲ್ಲಿ.

ಹೆತ್ತ ತಾಯಿಯ ಮೇಲೆ ಪರೀಕ್ಷೆ ಮಾಡಿ ನೋಡಿದ್ದ. ಅವಳು ಈ ಸಲ ತಲೆಯೆತ್ತಿ ಅವನನ್ನು ನೋಡಿದಳು. ಆ ನೋಟದಲ್ಲಿ ಪ್ರಶ್ನೆಯಿತ್ತೋ ಇಲ್ಲವೋ, ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಮಹಡಿಗೆ ಹೋಗಿ ಒಣಗಿದ ಬಟ್ಟೆಗಳ ನಡುವೆ ನಿಂತುಕೊಂಡ. ಅಪ್ಪನ ಕೈ ಅವನಿಗೆ ನೆನಪಾಗುತ್ತಿತ್ತು. ಅಗಲವಾದ ಅಂಗೈ, ಚೆನ್ನಾಗಿ ಕತ್ತರಿಸಿದ ಉಗುರು. ಮನೆಯ ಜಗುಲಿಯ ಮೇಲೆ ಒಬ್ಬ ಕುಡುಕನ ಹೆಗಲ ಮೇಲೆ ಆ ಕೈಯಿಟ್ಟು, ಹೆಂಡತಿ ಮೇಲೆ ಕೈ ಮಾಡೋನು ಗಂಡಸಲ್ಲ ಕಣೋ ಎಂದು ಮೆಲ್ಲಗೆ ಹೇಳಿದ್ದನ್ನು ತಾನೇ ಕೇಳಿದ್ದ. ಆಗ ಹೈಸ್ಕೂಲು, ತುಮಕೂರಿನ ಹಾಸ್ಟೆಲಿನಿಂದ ಬೇಸಿಗೆ ರಜೆಗೆ ಬಂದಿದ್ದ. ಅವ್ವ ಬಾಗಿಲ ಹಿಂದೆ ನಿಂತು ಅದನ್ನು ಕೇಳಿಸಿಕೊಂಡಿರಬೇಕು. ಅವ್ವನಿಗೆ ಎಡಗಿವಿ ಕೇಳುವುದಿಲ್ಲ. ಅಂಗಳದಲ್ಲಿ ಅಪ್ಪ ಕೋತಿಗೆಂದು ಬಂದೂಕು ಹಾರಿಸಿದಾಗ ಪಕ್ಕದಲ್ಲೇ ಇದ್ದಳು, ಅವತ್ತಿನಿಂದ ಕಿವಿ ಹೋಯಿತು ಎಂದು ಮನೆಯಲ್ಲಿ ಹೇಳುತ್ತಿದ್ದರು. ಅವಳೂ ಹಾಗೆಯೇ ಹೇಳುತ್ತಿದ್ದಳು. ಈ ವಾರವೆಲ್ಲ ಬರಿಗಿವಿಯಲ್ಲಿ ಬಂದೂಕುಗಳ ನಡುವೆ ಕೂತವರನ್ನು ಅವನು ನೋಡಿದ್ದ. ಗುಂಯ್‌ಗುಡುತ್ತಿದ್ದುದು ಎರಡು ಕಿವಿಯೂ. ಒಂದೇ ಕಿವಿ ಹೋಗಬೇಕಾದರೆ, ಅದೂ ಎಡಗಿವಿ, ಎದುರಿಗೆ ನಿಂತವನು ಬಲಗೈ ಬೀಸಿದರೆ ಬೀಳುವ ಕಡೆ. ಮಹಡಿಯ ಮೇಲೆ ಗಾಳಿಯಿರಲಿಲ್ಲ. ಅವನು ತನ್ನ ಬಲಗೈಯನ್ನು ಎತ್ತಿ, ಗಾಳಿಯಲ್ಲಿ ಒಂದು ಮುಖವನ್ನು ಊಹಿಸಿ, ಮೆಲ್ಲಗೆ ಬೀಸಿ ನೋಡಿ, ಪಕ್ಕದ ಮನೆಯವರು ಯಾರಾದರೂ ನೋಡಿದರೇನೋ ಎಂದು ಕೈ ಇಳಿಸಿದ.

ಹೆಂಡತಿ ಮಾನಸಾ ಸ್ಕೂಲಿನಿಂದ ಬಂದು ಅಡುಗೆಮನೆಯಲ್ಲಿ ಸಾರಿಗೆ ಕಾಯಿ ತುರಿಯುತ್ತಿದ್ದಳು. ಅವನು ಬಾಗಿಲಲ್ಲಿ ನಿಂತು, ಸುತ್ತಿಬಳಸಿ, ಅವ್ವನಿಗೆ ಕೈ ಎತ್ತಿದರೆ ಹೆದರುವ ಅಭ್ಯಾಸವಿದೆಯಾ, ನೀನು ಯಾವತ್ತಾದರೂ ಗಮನಿಸಿದ್ದೀಯಾ ಎಂದು ಕೇಳಿದ. ತುರಿಯುವುದು ನಿಂತಿತು. ಅವಳು ತಿರುಗಿ ಅವನ ಮುಖವನ್ನು ನೋಡಿದಳು.

"ನಿಮಗೆ ಗೊತ್ತಿಲ್ಲ ಅಂತ ನಂಗೆ ಗೊತ್ತಿರಲಿಲ್ಲ ರೀ," ಎಂದಳು. "ಗೊತ್ತಿದ್ದೂ ಸುಮ್ನಿದೀರ ಅಂದ್ಕೊಂಡಿದ್ದೆ."

ಯಾರೂ ಅವಳಿಗೆ ಹೇಳಿರಲಿಲ್ಲವಂತೆ. ಮದುವೆಯಾದ ಹೊಸದರಲ್ಲಿ ಊರಿನಲ್ಲಿದ್ದಾಗ, ಮಾವ ಒಳಗೆ ಬಂದರೆ ಅತ್ತೆ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರಂತೆ. ಊಟಕ್ಕೆ ಬಡಿಸುವಾಗ ಯಾವಾಗಲೂ ಮಾವನ ಎಡಗಡೆಯಿಂದ ಬರುತ್ತಿದ್ದರಂತೆ. ಒಂದು ಸಲ ಬಾವಿಕಟ್ಟೆಯಲ್ಲಿ ಜಾರಿದೆ ಎಂದು ಕೆನ್ನೆ ಊದಿಸಿಕೊಂಡು ಕೂತಿದ್ದರಂತೆ, ಬಾವಿ ಬತ್ತಿ ಆಗಲೇ ವರ್ಷಗಳಾಗಿದ್ದವು. ಅಂಗಳದ ಪಕ್ಕದ ಮನೆಯವರಿಗೆಲ್ಲ ಗೊತ್ತಿತ್ತು, ಚಿಕ್ಕಮಾವ ಹೊನ್ನಯ್ಯನವರಿಗೂ ಗೊತ್ತಿತ್ತು ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಮದುವೆಯಾದಾಗಿನಿಂದ ಇವಳು, ಗೊತ್ತಿದ್ದೂ ಸುಮ್ಮನಿದ್ದ ಮಗ ಎಂದು ತನ್ನ ಲೆಕ್ಕದಲ್ಲಿ ಬರೆದಿಟ್ಟುಕೊಂಡೇ ತನಗೆ ಅನ್ನ ಬಡಿಸಿದ್ದಳು ಎಂದು ಅವನಿಗೆ ಅರ್ಥವಾಗುತ್ತಿತ್ತು. ತಾನು ಅವ್ವನ ಬಗ್ಗೆ ದುಃಖಪಡಬೇಕಾದ ಹೊತ್ತಿನಲ್ಲಿ, ಹೆಂಡತಿಯ ಕಣ್ಣಲ್ಲಿ ತಾನು ಹೇಗೆ ಕಂಡಿದ್ದೆ ಎನ್ನುವುದೇ ದೊಡ್ಡದಾಗಿ ಕಾಡುತ್ತಿದೆಯಲ್ಲ ಎಂದು ಇನ್ನಷ್ಟು ಕುಗ್ಗಿದ. ಅವಳು ತುರಿಮಣೆಗೆ ತಿರುಗಿಕೊಂಡಳು. ಊಟಕ್ಕೆ ಹಿದುಕಿದ ಬೇಳೆಯ ಸಾರು ಮಾಡಿದ್ದಳು. ಅವ್ವ ಎರಡನೇ ಸಲ ಬಡಿಸಿಕೊಂಡಳು.

ಮರುದಿನ ತರಬೇತಿಯ ಕೊನೆಯ ದಿನ. ಚಳಿಗೆ ಮೂಡಲಗಿರಿಯಪ್ಪ ಮಫ್ಲರು ಸುತ್ತಿಕೊಂಡು, ಮಗನ ಮದುವೆಯ ಛತ್ರದ ವಿಷಯವನ್ನು ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿದ್ದರು. ಇವನ ಸರದಿ ಬಂದಾಗ ಫೋನು ಇಟ್ಟು ಬಂದು, ಬಂದೂಕು ಕೊಟ್ಟು, ಇದರಲ್ಲಿ ಗುಂಡು ಇದೆಯೋ ಇಲ್ಲವೋ ನಾನು ಹೇಳುವುದಿಲ್ಲ ಎಂದರು. ಭಾನುಪ್ರಕಾಶ ಮಲಗಿದ. ಊದಿದ ಭುಜಕ್ಕೆ ಬಂದೂಕು ಒತ್ತಿದಾಗಲೇ ನೋವು ಚಳಕ್ ಎಂದಿತು. ಒದೆಗೆ ಎದುರು ನಿಲ್ಲಬೇಡಿ, ಬಿಗಿಯಬೇಡಿ, ಉಸಿರು ಬಿಡಿ, ತಳ್ಳಿದರೆ ತಳ್ಳಿಸಿಕೊಳ್ಳಿ ಎನ್ನುತ್ತಿದ್ದರು ಮೂಡಲಗಿರಿಯಪ್ಪ, ಎಲ್ಲರಿಗೂ ಹೇಳುವಂತೆ. ಈ ಮಾತುಗಳನ್ನು ಒಬ್ಬ ಹೆಂಗಸಿಗೂ ಯಾರೋ ಹೇಳಿಕೊಟ್ಟಿರಬೇಕು ಅಥವಾ ಯಾರೂ ಹೇಳಿಕೊಡದೆ ಅವಳೇ ಕಲಿತಿರಬೇಕು ಎಂದು ಅವನಿಗೆ ಹೊಳೆಯಿತು. ಹೊಳೆದು ಮೈಯೆಲ್ಲ ಅಸಹ್ಯವಾಯಿತು. ಎದ್ದುಬಿಡಬೇಕೆನ್ನಿಸಿತು. ಏಳಲಿಲ್ಲ. ಕಪ್ಪು ವೃತ್ತ ಕಣ್ಣೆದುರು ನಿಶ್ಚಲವಾಗಿತ್ತು. ಬೀಳುವ ಏಟು ಈ ಸಲ ಅವನಿಗೆ ಅಷ್ಟು ದೊಡ್ಡದಾಗಿ ತೋರಲಿಲ್ಲ. ಅದರ ದಾರಿ ಕಾಯುವ ಕೆಲಸವನ್ನು ಮೈ ಎಲ್ಲೋ ಮರೆತಿತ್ತು. ಬೆರಳು ಯಾವಾಗ ಎಳೆಯಿತೋ ಅವನಿಗೇ ಗೊತ್ತಾಗಲಿಲ್ಲ. ಸದ್ದು ಬಂತು, ಭುಜ ಹಿಂದಕ್ಕೆ ಹೋಗಿ ಬಂತು, ಟಾರ್ಗೆಟ್ಟು ಕಣ್ಣಿನಿಂದ ಒಮ್ಮೆಯೂ ಮರೆಯಾಗಲಿಲ್ಲ. ಬೋಲ್ಟು ಎಳೆದು ಮತ್ತೆ ಹೊಡೆದ. ಮತ್ತೆ.

ಟಾರ್ಗೆಟ್ಟಿನ ಕಾಗದ ತಂದಾಗ ತೂತುಗಳೆಲ್ಲ ಒಂದು ಅಂಗೈಯಲ್ಲಿ ಮುಚ್ಚುವಷ್ಟು ಹತ್ತಿರ ಬಿದ್ದಿದ್ದವು. ಮೂಡಲಗಿರಿಯಪ್ಪ ನಿಜವಾಗಿಯೂ ತಮ್ಮ ಅಂಗೈಯನ್ನು ಅದರ ಮೇಲಿಟ್ಟು ಎಲ್ಲರಿಗೂ ತೋರಿಸಿದರು. ರೂಪಶ್ರೀ ಚಪ್ಪಾಳೆ ತಟ್ಟಿದಳು, ಉಳಿದವರೂ ತಟ್ಟಿದರು. ಕಾಗದವನ್ನು ಮನೆಗೆ ಒಯ್ಯಿರಿ, ಮನೆಯವರಿಗೆ ತೋರಿಸಿ ಎಂದರು ಮೂಡಲಗಿರಿಯಪ್ಪ. ಅವನು ಅದನ್ನು ಸುರುಳಿ ಸುತ್ತಿ ಬೈಕಿನ ಚೀಲದಲ್ಲಿ ಹಾಕಿಕೊಂಡ, ದಾರಿಯಲ್ಲಿ ಒಂದು ಕಸದ ರಾಶಿಯ ಬಳಿ ನಿಂತು ಬಿಸಾಡಿದ. ಬಿಸಾಡಿದ ಮೇಲೆ ಸ್ವಲ್ಪ ದೂರ ಹೋಗುವವರೆಗೂ ಅದು ಬೇಕಿತ್ತು ಅನ್ನಿಸುತ್ತಿತ್ತು.

ಸೋಮವಾರ ಚೇಳೂರು ಠಾಣೆಗೆ ಹೋಗಬೇಕಿತ್ತು. ಲೈಸೆನ್ಸಿನ ವಿಷಯದಲ್ಲಿ ವಾರಸುದಾರರು ಖುದ್ದು ಬಂದು ಹೇಳಬೇಕೆಂದಿದ್ದರು. ಅವ್ವ ತಾನೂ ಬರುತ್ತೇನೆಂದಳು. ಬಸ್ಸಿನಲ್ಲಿ ಗುಬ್ಬಿ ದಾಟಿ ಚೇಳೂರಿಗೆ ಹೋಗುವವರೆಗೂ ಅವನು ಮಾತಿಗೆ ಮುಂಚಿನ ಉಸಿರು ಎಳೆದುಕೊಳ್ಳುವುದು, ಬಿಡುವುದು ಮಾಡುತ್ತಿದ್ದ. ಏನೆಂದು ಕೇಳುವುದು. ಕೇಳಿದರೆ ಅವಳು ಬಾವಿಕಟ್ಟೆ ಎಂದರೆ ತಾನು ಏನೆನ್ನುವುದು. ಅವಳು ಕಿಟಕಿಯಿಂದ ಕೊಯ್ದ ರಾಗಿಯ ಮೆದೆಗಳನ್ನು ನೋಡುತ್ತ, ಇವರು ಈ ಸಲ ಬೇಗ ಕೊಯ್ದಿದ್ದಾರೆ ಎಂದಳು.

ಠಾಣೆಯಲ್ಲಿ ಹೊನ್ನಯ್ಯ ಆಗಲೇ ಬಂದು ಬೆಂಚಿನ ಮೇಲೆ ಕೂತಿದ್ದರು. ಪೇದೆ ಒಳಗಿನಿಂದ ಬಂದೂಕು ತಂದು ಮೇಜಿನ ಮೇಲಿಟ್ಟ. ಅದರ ಹಿಡಿಯ ಮೇಲಿನ ಮರ ಅಪ್ಪನ ಕೆನ್ನೆ ತಾಗಿ ನುಣುಪಾಗಿತ್ತು. ಇದೇನಾ ನಿಮ್ಮ ಮನೆಯದು ಎಂದು ಕೇಳಿದ. ಅವ್ವ ಅದನ್ನು ನೋಡಿ ಹೌದೆಂದಳು. ಹಾಗಾದರೆ ಮಗನ ಹೆಸರಿಗೇ ತಾನೇ ಎಂದ. ಚಿಕ್ಕಪ್ಪ ಭಾನುಪ್ರಕಾಶನ ಬದಲು ಹೌದೌದು ಎನ್ನಲು ಬಾಯಿ ತೆರೆದಿದ್ದರು.

"ನಮಗೆ ಬ್ಯಾಡ ಸ್ವಾಮಿ ಅದು," ಎಂದಳು ಅವ್ವ. "ಸರ್ಕಾರನೇ ಇಟ್ಕಳ್ಳಿ."

ಹೊನ್ನಯ್ಯ, ಏನತ್ತಿಗೆ, ಅಣ್ಣನ ಬಂದೂಕು ಎಂದರು. ಅವಳು ಅವರ ಕಡೆ ತಿರುಗಲಿಲ್ಲ. ಕೇಳಿಸಿತೋ ಇಲ್ಲವೋ, ಅವರು ಕೂತದ್ದು ಅವಳ ಎಡಕ್ಕೆ. ಪೇದೆ ಇವನ ಮುಖ ನೋಡಿದ. ಬೇಡವೆಂದು ಇವನೂ ಹೇಳಿ, ತೋರಿಸಿದ ಕಡೆ ರುಜು ಹಾಕಿದ. ಹೊನ್ನಯ್ಯ ಕಾಫಿಗೂ ನಿಲ್ಲದೆ ಹೋದರು. ಆಮೇಲೆ ಬಹಳ ದಿನ ಅವರ ಫೋನು ಬರಲಿಲ್ಲ.

ಗುಬ್ಬಿ ಬಸ್ಸಿಗೆ ಕಾಯುತ್ತ ಇಬ್ಬರೂ ಒಂದು ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತರು. ಬಿಸಿಲು ಹಿತವಾಗಿತ್ತು. ಅವನು ಎದ್ದು ಅವಳ ಬಲಕ್ಕೆ ಬಂದು ಕೂತ. ಮಾತು ಬಾಯಿಗೆ ಬಂದಾಗ ಯೋಚಿಸಿಟ್ಟಿದ್ದು ಯಾವುದೂ ಇರಲಿಲ್ಲ.

"ಅಪ್ಪ ನಿನ್ನ ಹೊಡೀತಿದ್ದರೇನವ್ವ?"

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. ರಸ್ತೆಯಾಚೆ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರು ನಿಂತಿತ್ತು. ಅದು ಹೊರಟು ಹೋಗುವುದನ್ನು ನೋಡಿದಳು.

"ನೀನು ಇದ್ದಾಗ ಹೊಡೀತಿರ್ಲಿಲ್ಲ," ಎಂದಳು. "ಹಾಸ್ಟೆಲ್‌ನಿಂದ ನೀನು ರಜಕ್ಕೆ ಬಂದ್ರೆ, ನೀನು ತಿರುಗಿ ಹೋಗೋವರ್ಗೂ ನನ್ ತಂಟೆಗೆ ಬತ್ತಿರ್ಲಿಲ್ಲ. ಯಾವಾಗ ರಜ ಕೊಡ್ತಾರೆ ಅಂತ ಕಾಯ್ತಿದ್ದೆ ಕಣಪ್ಪ."

ಬೇರೆ ಯಾರದೋ ಮನೆಯ ವಿಷಯದಂತೆ ಹೇಳಿದಳು. ರಜೆಗೆ ಬಂದ ಮೊದಲ ದಿನ ಬಾಗಿಲಲ್ಲಿ ನಿಂತ ಅವ್ವ ಅವನಿಗೆ ನೆನಪಾದಳು. ಕೈಯಲ್ಲಿ ಎಣ್ಣೆಯ ಬಟ್ಟಲು, ಮುಖದ ತುಂಬ ನಗು. ಗೆಳೆಯರ ಅವ್ವಂದಿರು ಯಾರೂ ಮಗ ಬಂದನೆಂದು ಅಷ್ಟು ಸಂತೋಷಪಡುತ್ತಿರಲಿಲ್ಲ. ಅದು ತನ್ನ ಮೇಲಿನ ಪ್ರೀತಿ ಎಂದುಕೊಂಡಿದ್ದ. ಪ್ರೀತಿಯೂ ಇದ್ದಿರಬೇಕು. ಒಂಬತ್ತನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ತುಮಕೂರಿನಲ್ಲೇ ಉಳಿದಿದ್ದ. ಟ್ಯೂಷನ್ ಎಂದು ಹೇಳಿ ಕಳಿಸಿ, ಎರಡು ತಿಂಗಳೂ ಮೈದಾನದಲ್ಲಿ ಕ್ರಿಕೆಟ್ ಆಡಿದ್ದ. ಊರಿಗೆ ಹೋದರೆ ಬೇಜಾರು ಅನ್ನಿಸಿತ್ತು. ಅಲ್ಲಿ ಏನೂ ಆಗುವುದಿಲ್ಲ ಅನ್ನಿಸಿತ್ತು.

"ನಾನು ಬರದೇ ಇದ್ದ ರಜದಲ್ಲಿ?" ಎಂದ.

ಅವಳು ಅವನ ಮುಖವನ್ನು ನೋಡಿದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಏನನ್ನೋ ಹೇಳಲು ಹೊರಟು, ಅದನ್ನು ಬಿಟ್ಟು ಇನ್ನೊಂದನ್ನು ಹುಡುಕಿದಳು.

"ಆ ವರ್ಷ ಮಾವಿನಕಾಯಿ ಬಾಳ ಬಿಟ್ಟಿತ್ತು," ಎಂದಳು. "ಒಂದ್ ಗುಡಾಣ ತುಂಬ ಉಪ್ಪಿನಕಾಯಿ ಹಾಕಿದ್ದೆ."

ಬಸ್ಸು ಬಂತು. ಅವಳು ಚೀಲ ಎತ್ತಿಕೊಂಡು ಮೊದಲು ಎದ್ದಳು. ಅವನಿಗೆ ಏಳಲು ಸ್ವಲ್ಪ ಹೊತ್ತು ಹಿಡಿಯಿತು.